ಎನಾಮೆಲ್ ಕಟ್ಟುವುದು ಒಂದೇ ಸಲ: ಟ್ಯೂಬಿನ ಮೇಲಿನ ‘ರಿಪೇರಿ’ ಎಷ್ಟು ನಿಜ?

ಔಷಧಿ ಅಂಗಡಿಯಲ್ಲಿ ಟೂತ್‌ಪೇಸ್ಟ್ ಇಡುವ ಕಪಾಟಿಗೆ ಕೆಲವು ವರ್ಷಗಳಿಂದ ಹೊಸದೊಂದು ಸಾಲು ಸೇರಿಕೊಂಡಿದೆ. ‘ಎನಾಮೆಲ್ ರಿಪೇರಿ’ ಎಂದು ಮುಖದ ಮೇಲೇ ಬರೆದುಕೊಂಡ, ಮಾಮೂಲಿ ಪೇಸ್ಟಿಗಿಂತ ದುಬಾರಿಯಾದ ಟ್ಯೂಬ್‌ಗಳು ಅವು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಖಾಲಿ ಹೊಟ್ಟೆಗೆ ನಿಂಬೆನೀರು ಕುಡಿಯಿರಿ, ಇದ್ದಿಲ ಪುಡಿಯಿಂದ ಹಲ್ಲುಜ್ಜಿ ಬೆಳ್ಳಗೆ ಮಾಡಿಕೊಳ್ಳಿ ಎನ್ನುವ ವಿಡಿಯೊಗಳು ಓಡುತ್ತಿವೆ. ಒಂದು ಕಡೆ ಎನಾಮೆಲ್ ಕಳೆಯುವ ರೂಢಿ, ಇನ್ನೊಂದು ಕಡೆ ಕಳೆದದ್ದನ್ನು ಮರಳಿ ಕೊಡುತ್ತೇವೆಂಬ ಮಾರಾಟ. ಎರಡರ ಗದ್ದಲದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗಿದೆ. ಎನಾಮೆಲ್ ಕಟ್ಟುವ ಕೆಲಸ ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಮುಗಿದಿರುತ್ತದೆ. ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವಾಗಲೇ ಇಲ್ಲವಾಗುತ್ತವೆ. ಆದ್ದರಿಂದ ಕಾಳಜಿಯ ದೊಡ್ಡ ಪಾಲು ಸಲ್ಲಬೇಕಾದ್ದು ಮಗುವಿನ ಮೊದಲ ಕೆಲವು ವರ್ಷಗಳಿಗೆ, ಅದು ಕುಡಿಯುವ ನೀರಿಗೆ. ಪೇಸ್ಟಿನ ಕೆಲಸ ಆಮೇಲಿನದು. ಅದು ಸಣ್ಣದು, ಆದರೆ ಸುಳ್ಳಲ್ಲ. ಎಷ್ಟು ಸಣ್ಣದು, ಎಲ್ಲಿ ನಿಜ ಎಂಬುದು ತಿಳಿಯಬೇಕಾದರೆ ಆ ಪದಾರ್ಥವನ್ನೇ ಹತ್ತಿರದಿಂದ ನೋಡಬೇಕು.

ರಚನೆ

ವಸಡಿನ ಮೇಲೆ ಕಾಣುವ ಹಲ್ಲಿನ ಹೊದಿಕೆಯೇ ಎನಾಮೆಲ್. ತೂಕದ ಲೆಕ್ಕದಲ್ಲಿ ಅದರ ಸುಮಾರು ಶೇ 96 ಭಾಗ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ನೀರು, ಶೇ 1ರ ಆಸುಪಾಸು ಪ್ರೋಟೀನ್. ಅದರ ಕೆಳಗಿರುವ ಡೆಂಟಿನ್‌ನಲ್ಲಿ ಖನಿಜ ಶೇ 70ರಷ್ಟು. ನಮ್ಮ ದೇಹದಲ್ಲಿ ಎನಾಮೆಲ್‌ಗಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. 1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ ಅದು 5ರ ಹತ್ತಿರ ನಿಲ್ಲುತ್ತದೆ.

ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸಿಲ್ ಸೇರಿ ಆದ ಹರಳು. ಹಲ್ಲಿನಲ್ಲಿರುವುದು ಪಠ್ಯಪುಸ್ತಕದ ಶುದ್ಧ ಹರಳಲ್ಲ. ಫಾಸ್ಫೇಟ್ ಇರಬೇಕಾದ ಕೆಲವು ಜಾಗಗಳಲ್ಲಿ ಕಾರ್ಬೊನೇಟ್ ಕೂತಿರುತ್ತದೆ. ಸೋಡಿಯಂ, ಮೆಗ್ನೀಸಿಯಂ ಕೂಡ ಅಲ್ಲಲ್ಲಿ ನುಸುಳಿರುತ್ತವೆ. ಕಾರ್ಬೊನೇಟ್ ಕೂತ ಜಾಗ ಹರಳಿನ ದುರ್ಬಲ ಜಾಗ. ಆಮ್ಲ ಮೊದಲು ಕರಗಿಸುವುದು ಅದನ್ನೇ. ಇದಕ್ಕೆ ವಿರುದ್ಧವಾಗಿ ಹೈಡ್ರಾಕ್ಸಿಲ್ ಜಾಗದಲ್ಲಿ ಫ್ಲೋರೈಡ್ ಕೂತರೆ ಹರಳು ಬಿಗಿಯಾಗುತ್ತದೆ. ಮಾಮೂಲಿ ಎನಾಮೆಲ್ ಪಿಎಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) 5.5ರ ಸುತ್ತ ಕರಗತೊಡಗಿದರೆ, ಫ್ಲೋರೈಡ್ ತುಂಬಿದ ಹರಳು 4.5ರ ತನಕ ತಡೆದುಕೊಳ್ಳುತ್ತದೆ. ಹುಳುಕು, ಫ್ಲೋರೈಡ್ ಪೇಸ್ಟ್, ಸವೆತ ಎಲ್ಲದರ ಹಿಂದೆಯೂ ಇರುವುದು ಈ ರಸಾಯನವೇ.

ಇಷ್ಟು ಗಟ್ಟಿಯಾದ ವಸ್ತು ಗಾಜಿನಂತೆ ಒಡೆಯಬೇಕಿತ್ತು. ಒಡೆಯದಿರುವುದು ಜೋಡಣೆಯ ಬಲದಿಂದ. ಸಾವಿರಾರು ಹರಳುಗಳು ಒತ್ತಾಗಿ ಸೇರಿ ಸುಮಾರು 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಒಂದು ಕಡ್ಡಿಯಾಗುತ್ತವೆ. ಅಂಥ ಪ್ರತಿ ಕಡ್ಡಿ ಡೆಂಟಿನ್‌ನ ಅಂಚಿನಿಂದ ಹೊರಟು ಹಲ್ಲಿನ ಮೇಲ್ಮೈವರೆಗೆ ಸಾಗುತ್ತದೆ. ಕೆಳಗಿನ ಪಕ್ಕದ ಬಾಚಿ ಹಲ್ಲಿನಲ್ಲಿ ಇಂಥವು ಸುಮಾರು 50 ಲಕ್ಷ, ಮೇಲಿನ ಮೊದಲ ದವಡೆ ಹಲ್ಲಿನಲ್ಲಿ 1 ಕೋಟಿ 20 ಲಕ್ಷದಷ್ಟು. ಮೇಲ್ಮೈ ಹತ್ತಿರ ಇವು ನೆಟ್ಟಗೆ ನಿಂತಿದ್ದರೂ ಒಳಭಾಗದಲ್ಲಿ ಬಿದಿರಿನ ಬುಟ್ಟಿಯ ಹೆಣಿಗೆಯ ಹಾಗೆ ಒಂದನ್ನೊಂದು ಅಡ್ಡಹಾಯುತ್ತವೆ. ಮೇಲಿಂದ ಹೊರಟ ಬಿರುಕು ಈ ಹೆಣಿಗೆಯಲ್ಲಿ ದಾರಿ ಬದಲಿಸುತ್ತ ಬಲ ಕಳೆದುಕೊಳ್ಳುತ್ತದೆ. ಉಳಿದದ್ದನ್ನು ಎನಾಮೆಲ್ ಮತ್ತು ಡೆಂಟಿನ್ ಕೂಡುವ ಅಲೆಅಲೆಯಾದ ಗಡಿ ತಡೆಯುತ್ತದೆ. ವಯಸ್ಸಾದವರ ಮುಂದಿನ ಹಲ್ಲಿನ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಕೂದಲೆಳೆಯಂಥ ಉದ್ದುದ್ದ ಗೆರೆಗಳು ಕಾಣುತ್ತವೆ. ಅವು ಬಿರುಕುಗಳೇ, ಬಹುಪಾಲು ಹಾಗೆಯೇ ನಿಂತುಹೋದಂಥವು.

ಇದೇ ಕಾರಣಕ್ಕೆ ಕೆಳಗೆ ಡೆಂಟಿನ್ ಇಲ್ಲದ ಎನಾಮೆಲ್ ತುಂಬ ಕಾಲ ಬಾಳುವುದಿಲ್ಲ. ಹುಳುಕು ಸಣ್ಣ ತೂತಿನಿಂದ ಒಳಹೊಕ್ಕು ಮೆತ್ತಗಿನ ಡೆಂಟಿನ್‌ನಲ್ಲಿ ಅಗಲವಾಗಿ ಹರಡುತ್ತದೆ. ಮೇಲೆ ಎನಾಮೆಲ್‌ನ ಚಾವಣಿ ಮಾತ್ರ ಉಳಿದಿರುತ್ತದೆ. ‘ನಿನ್ನೆವರೆಗೂ ಹಲ್ಲು ಚೆನ್ನಾಗಿತ್ತು, ಚಕ್ಕುಲಿ ಕಡಿದಾಗ ಮುರಿದುಹೋಯಿತು’ ಎಂದು ಬರುವವರ ಹಲ್ಲಿನಲ್ಲಿ ಸಾಮಾನ್ಯವಾಗಿ ಆಗಿರುವುದು ಇದು. ಚಕ್ಕುಲಿ ನೆಪ ಮಾತ್ರ.

ದಪ್ಪವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ದವಡೆ ಹಲ್ಲಿನ ಮೊನೆಗಳ ಮೇಲೆ 2.5 ಮಿಲಿಮೀಟರ್‌ವರೆಗೆ ಇರುವ ಎನಾಮೆಲ್ ವಸಡಿನ ಹತ್ತಿರ ಬರುವಷ್ಟರಲ್ಲಿ ಚಾಕುವಿನ ಅಲಗಿನಷ್ಟು ತೆಳ್ಳಗಾಗಿ ಮುಗಿಯುತ್ತದೆ. ಹಾಲುಹಲ್ಲಿನಲ್ಲಿ ದಪ್ಪ ಇದರ ಅರ್ಧದಷ್ಟು. ಮಕ್ಕಳ ಹುಳುಕು ಅಷ್ಟು ಬೇಗ ನರಕ್ಕೆ ತಾಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಮಾತು, ಎನಾಮೆಲ್ ಅರೆಪಾರದರ್ಶಕ. ಹಲ್ಲಿಗೆ ಹಳದಿ ಛಾಯೆ ಬರುವುದು ಕೆಳಗಿನ ಡೆಂಟಿನ್‌ನಿಂದ. ಎನಾಮೆಲ್ ತೆಳುವಾದಷ್ಟೂ ಹಲ್ಲು ಹೆಚ್ಚು ಹಳದಿಯಾಗಿ ಕಾಣುತ್ತದೆ. ಬೆಳ್ಳಗಾಗಲೆಂದು ಒರಟು ಪುಡಿಯಿಂದ ವರ್ಷಗಟ್ಟಲೆ ಉಜ್ಜಿದವರಿಗೆ ಸಿಗುವುದು ಅವರು ಬಯಸಿದ್ದರ ಉಲ್ಟಾ ಫಲ.

ಕಟ್ಟುವ ಕಾಲ

ದವಡೆ ಎಲುಬಿನೊಳಗೆ, ಹಲ್ಲಿನ ಮೊಗ್ಗಿನಲ್ಲಿ, ಅಮೆಲೋಬ್ಲಾಸ್ಟ್ ಎಂಬ ಉದ್ದನೆಯ ಜೀವಕೋಶಗಳು ಸಾಲುಗಟ್ಟಿ ನಿಂತು ಈ ಕೆಲಸ ಮಾಡುತ್ತವೆ. ಕೆಲಸ ಎರಡು ಹಂತದ್ದು.

ಮೊದಲ ಹಂತದಲ್ಲಿ ಕೋಶಗಳು ಪ್ರೋಟೀನ್ ಸ್ರವಿಸುತ್ತ ಹಿಂದಕ್ಕೆ ಸರಿಯುತ್ತವೆ. ಆ ಪ್ರೋಟೀನಿನಲ್ಲಿ ಶೇ 90ರಷ್ಟು ಅಮೆಲೊಜೆನಿನ್. ಅದರ ಆಸರೆಯಲ್ಲಿ ಹರಳುಗಳು ತೆಳ್ಳನೆಯ ಪಟ್ಟಿಗಳಾಗಿ ಉದ್ದಕ್ಕೆ ಬೆಳೆಯುತ್ತವೆ. ವೇಗ ದಿನಕ್ಕೆ ಸುಮಾರು 4 ಮೈಕ್ರಾನ್. 2.5 ಮಿಲಿಮೀಟರ್ ದಪ್ಪ ಕಟ್ಟಲು ಈ ವೇಗದಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ದಿನದಿನದ ಬೆಳವಣಿಗೆ ಕಡ್ಡಿಯ ಮೇಲೆ ಅಡ್ಡಗೆರೆಯಾಗಿ ಉಳಿಯುತ್ತದೆ; ವಾರಕ್ಕೋ ಹತ್ತು ದಿನಕ್ಕೋ ಒಂದು ದಪ್ಪ ಗೆರೆ ಬೀಳುತ್ತದೆ. ಹುಟ್ಟಿದ ದಿನದ ಏರುಪೇರು ಕೂಡ ಹಾಲುಹಲ್ಲುಗಳಲ್ಲಿ ಒಂದು ಗೆರೆಯಾಗಿ ದಾಖಲಾಗಿರುತ್ತದೆ. ಉತ್ಖನನದಲ್ಲಿ ಸಿಕ್ಕ ಮಗುವಿನ ಹಲ್ಲನ್ನು ತೆಳ್ಳಗೆ ಸೀಳಿ, ಆ ಗೆರೆಯಾಚೆ ಎಷ್ಟು ದಿನಗಳ ಗೆರೆಗಳಿವೆ ಎಂದು ಎಣಿಸಿ, ಮಗು ಹುಟ್ಟಿ ಎಷ್ಟು ದಿನ ಬದುಕಿತ್ತೆಂದು ಹೇಳುವ ತಜ್ಞರಿದ್ದಾರೆ.

ಎರಡನೆಯ ಹಂತ ಪಕ್ವತೆಯದು. ಅದು ಮೊದಲನೆಯದಕ್ಕಿಂತ ದೀರ್ಘ, ಮತ್ತು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ದಪ್ಪ ಪೂರ್ತಿ ಬಂದಾಗಲೂ ಎನಾಮೆಲ್ ಇನ್ನೂ ಮೆತ್ತಗೇ ಇರುತ್ತದೆ; ಹರಳುಗಳ ನಡುವೆ ಪ್ರೋಟೀನು, ನೀರು ತುಂಬಿರುತ್ತವೆ. ಈಗ ಕಿಣ್ವಗಳು ಪ್ರೋಟೀನನ್ನು ತುಂಡರಿಸುತ್ತವೆ, ಕೋಶಗಳು ಆ ತುಂಡುಗಳನ್ನು ಹೀರಿ ಹೊರಹಾಕುತ್ತವೆ, ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಪಂಪ್ ಮಾಡುತ್ತವೆ. ಹರಳು ಕಟ್ಟುವಾಗ ಆಮ್ಲ ಬಿಡುಗಡೆಯಾಗುವುದರಿಂದ ಅದನ್ನು ತಣಿಸಲು ಬೈಕಾರ್ಬೊನೇಟನ್ನೂ ಸುರಿಸಬೇಕು. ಇದಿಷ್ಟೂ ಸರಿಯಾಗಿ ನಡೆದರೆ ಹರಳುಗಳು ಅಗಲವಾಗಿ, ದಪ್ಪವಾಗಿ, ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೆಲಸದ ನಡುವೆಯೇ ಅಮೆಲೋಬ್ಲಾಸ್ಟ್‌ಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ. ಉಳಿದವು ತೆಳ್ಳನೆಯ ಪೊರೆಯಾಗಿ ಹಲ್ಲನ್ನು ಹೊದ್ದುಕೊಂಡಿದ್ದು, ಹಲ್ಲು ವಸಡು ಸೀಳಿ ಹೊರಬಂದಾಗ ಕಳಚಿಹೋಗುತ್ತವೆ. ಮುರಿದ ಎಲುಬು ಕೂಡುತ್ತದೆ, ಡೆಂಟಿನ್ ಕೂಡ ಒಳಗಿನಿಂದ ಹೊಸ ಪದರ ಕಟ್ಟಿಕೊಳ್ಳಬಲ್ಲದು. ಎನಾಮೆಲ್‌ಗೆ ಆ ಭಾಗ್ಯವಿಲ್ಲ. ಅದರಲ್ಲಿ ಕೋಶವೂ ಇಲ್ಲ, ರಕ್ತವೂ ಇಲ್ಲ.

ಈ ಎರಡು ಹಂತಗಳ ವ್ಯತ್ಯಾಸ ತಿಳಿದರೆ ಮಕ್ಕಳ ಹಲ್ಲಿನ ದೋಷಗಳನ್ನು ಓದುವುದು ಸುಲಭ. ಮೊದಲ ಹಂತ ಕೆಟ್ಟರೆ ಎನಾಮೆಲ್‌ನ ಪ್ರಮಾಣ ಕಡಿಮೆ: ಗುಳಿ, ಗೀರು, ತೆಳು ಪಟ್ಟಿ. ಎರಡನೆಯದು ಕೆಟ್ಟರೆ ದಪ್ಪ ಸರಿಯಿರುತ್ತದೆ, ಗುಣ ಇರುವುದಿಲ್ಲ: ಸುಣ್ಣದಂಥ ಬಿಳಿ, ಕೆನೆ ಬಣ್ಣ, ಕಂದು ಮಚ್ಚೆ.

ಕಾಲದ ಲೆಕ್ಕ ಹೀಗಿದೆ. ಹಾಲುಹಲ್ಲಿನ ಎನಾಮೆಲ್ ಗರ್ಭದ ನಾಲ್ಕನೆಯ ತಿಂಗಳಲ್ಲಿ ಶುರುವಾಗಿ ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ ಮುಗಿಯುತ್ತದೆ. ಆರನೆಯ ವಯಸ್ಸಿನಲ್ಲಿ ಬರುವ ಮೊದಲ ಕಾಯಂ ದವಡೆ ಹಲ್ಲಿನದು ಹುಟ್ಟಿದ ಹೊತ್ತಿಗೇ ಆರಂಭವಾಗಿ ಮೂರು ವರ್ಷದೊಳಗೆ ಪೂರ್ತಿಯಾಗುತ್ತದೆ. ಮುಂದಿನ ಬಾಚಿ ಹಲ್ಲಿನದು ಮೂರ್ನಾಲ್ಕು ತಿಂಗಳಿಂದ ನಾಲ್ಕೈದು ವರ್ಷದವರೆಗೆ. ಎರಡನೆಯ ದವಡೆ ಹಲ್ಲಿನದು ಎಂಟರವರೆಗೆ ಎಳೆಯುತ್ತದೆ. ಒಂದನೇ ತರಗತಿಯ ಮಗುವಿನ ಬಾಯಲ್ಲಿ ಹೊಸ ದವಡೆ ಹಲ್ಲು ಕಂದು ಮಚ್ಚೆಯೊಂದಿಗೆ ಹೊರಬಂದರೆ, ಕಾರಣ ಹುಡುಕಬೇಕಾದ್ದು ಇವತ್ತಿನ ಚಾಕೊಲೇಟಿನಲ್ಲಿ ಅಲ್ಲ, ಅದರ ಮೊದಲ ಮೂರು ವರ್ಷಗಳಲ್ಲಿ.

ಅಂಥ ಮಚ್ಚೆಗೆ 2001ರಿಂದ ಒಂದು ಪ್ರತ್ಯೇಕ ಹೆಸರಿದೆ: ಮೋಲಾರ್ ಇನ್ಸಿಸರ್ ಹೈಪೊಮಿನರಲೈಸೇಶನ್, ಚಿಕ್ಕದಾಗಿ ಎಂಐಎಚ್. ಮೊದಲ ದವಡೆ ಹಲ್ಲುಗಳಲ್ಲಿ ಒಂದಕ್ಕೋ ನಾಲ್ಕಕ್ಕೋ ಬರುತ್ತದೆ, ಜೊತೆಗೆ ಬಾಚಿ ಹಲ್ಲುಗಳಲ್ಲೂ ಕಾಣಬಹುದು. ಮಚ್ಚೆಯ ಅಂಚು ಸ್ಪಷ್ಟ, ಬಣ್ಣ ಬಿಳಿಯಿಂದ ಹಳದಿ-ಕಂದು. ಪಕ್ವತೆಯ ಹೊತ್ತಿನಲ್ಲಿ ಹೊರಹೋಗಬೇಕಿದ್ದ ಪ್ರೋಟೀನ್ ಅಲ್ಲೇ ಉಳಿದಿರುತ್ತದೆ. ಹಲ್ಲು ತಣ್ಣೀರಿಗೂ ಜುಮ್ಮೆನ್ನುತ್ತದೆ, ಮಗು ಆ ಕಡೆ ಬ್ರಷ್ ತಾಗಿಸಲು ಬಿಡುವುದಿಲ್ಲ, ಅಗಿಯುವ ಭಾರಕ್ಕೆ ಎನಾಮೆಲ್ ಚೂರುಚೂರಾಗಿ ಉದುರುತ್ತದೆ, ಹುಳುಕು ಹಿಡಿಯುತ್ತದೆ. ಮರಗಟ್ಟಿಸುವ ಇಂಜೆಕ್ಷನ್ನೂ ಇಂಥ ಹಲ್ಲಿಗೆ ಸರಿಯಾಗಿ ಹತ್ತುವುದಿಲ್ಲ. ಎಳೆಯ ವಯಸ್ಸಿನ ಕಾಯಿಲೆ, ಜ್ವರಗಳಿಗೂ ಇದಕ್ಕೂ ನಂಟು ಕಂಡಿದೆ. ಪೋಷಕರು ಇದನ್ನು ಸಾಮಾನ್ಯ ಹುಳುಕೆಂದೇ ಎಣಿಸಿ ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎಂದು ಬಿಡುವುದು ದೊಡ್ಡ ನಷ್ಟ. ಆರನೆಯ ವಯಸ್ಸಿನಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ ಬರುವುದು ಕಾಯಂ ಹಲ್ಲು. ಅದು ಯಾವ ಹಾಲುಹಲ್ಲನ್ನೂ ಬೀಳಿಸದೆ ಬರುವುದರಿಂದ ಗೊತ್ತೇ ಆಗುವುದಿಲ್ಲ. ಬೇಗ ಗುರುತಿಸಿದರೆ ಗ್ಲಾಸ್ ಅಯಾನಮರ್ ಎಂಬ ಸಿಮೆಂಟಿನ ಹೊದಿಕೆಯೋ, ತೀವ್ರವಾಗಿದ್ದರೆ ಸ್ಟೀಲ್ ಟೋಪಿಯೋ ಹಾಕಿ ಹಲ್ಲನ್ನು ಉಳಿಸಬಹುದು.

ಕೊಳವೆಬಾವಿಯ ನೀರು

ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೊಪ್ಪಳ. ಈ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಮುಂದಿನ ಹಲ್ಲುಗಳ ಕಂದು ಪಟ್ಟಿಯನ್ನು ಜನ ಮೈಬಣ್ಣದಷ್ಟೇ ಸಹಜವಾಗಿ ಒಪ್ಪಿಕೊಂಡುಬಿಟ್ಟಿದ್ದಾರೆ. ಅದು ಡೆಂಟಲ್ ಫ್ಲೋರೋಸಿಸ್, ಅಂದರೆ ಅತಿಯಾದ ಫ್ಲೋರೈಡಿನಿಂದ ಪಕ್ವತೆಯ ಹಂತದಲ್ಲಾದ ಹಾನಿ.

ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆ, ನೀರು ಬಂಡೆಯ ಸಂದುಗಳಲ್ಲಿ ತುಂಬ ಕಾಲ ನಿಲ್ಲುತ್ತದೆ. ಬೈಕಾರ್ಬೊನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗುತ್ತದೆ. ತೆರೆದ ಬಾವಿ, ಕೆರೆ ಬಿಟ್ಟು ಆಳದ ಕೊಳವೆಬಾವಿಗೆ ಬಿದ್ದ ಮೇಲೆ ಕುಡಿಯುವ ನೀರಿನ ಗುಣವೇ ಬದಲಾಯಿತು. ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಇದು ತಿಳಿಯದು, ಪರೀಕ್ಷೆಯೇ ಆಗಬೇಕು. ಜಿಲ್ಲಾ ಮಟ್ಟದ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಅದನ್ನು ಮಾಡಿಸಬಹುದು.

ನೀರಿಗೂ ಹಲ್ಲಿನ ಕಲೆಗೂ ಇರುವ ನಂಟು ಸಾಬೀತಾದದ್ದು ಅಮೆರಿಕದಲ್ಲಿ. ಕೊಲರಾಡೊ ಸ್ಪ್ರಿಂಗ್ಸ್‌ನ ದಂತವೈದ್ಯ ಫ್ರೆಡರಿಕ್ ಮೆಕೇ 1901ರಿಂದ ಆ ಊರಿನವರ ಕಂದು ಹಲ್ಲಿನ ಬೆನ್ನುಹತ್ತಿದ್ದರು. ಕಾರಣ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ನೀರನ್ನು ವಿಶ್ಲೇಷಿಸಿದಾಗ. ಅದೇ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದನ್ನೂ ಮೆಕೇ ಗಮನಿಸಿದ್ದರು. ಫ್ಲೋರೈಡಿನ ಎರಡು ಮುಖಗಳೂ ಒಂದೇ ಊರಿನಲ್ಲಿ ಒಟ್ಟಿಗೆ ಕಂಡವು. ಭಾರತದಲ್ಲಿ ಎಲುಬಿನ ಫ್ಲೋರೋಸಿಸ್‌ನ ಮೊದಲ ವರದಿ 1937ರಲ್ಲಿ ನೆಲ್ಲೂರು ಸೀಮೆಯಿಂದ ಬಂತು.

ದೇಹದೊಳಗೆ ಹೆಚ್ಚು ಫ್ಲೋರೈಡ್ ಸೇರಿದರೆ ಪಕ್ವತೆಯ ಹಂತದಲ್ಲಿ ಅಮೆಲೊಜೆನಿನ್ ಹೊರಹೋಗುವುದು ತಡವಾಗುತ್ತದೆ. ಜಾಗ ಖಾಲಿಯಾಗದ ಕಾರಣ ಖನಿಜ ಪೂರ್ತಿ ತುಂಬುವುದಿಲ್ಲ. ಮೇಲ್ಮೈ ಸರಿಯಾಗಿ ಕಂಡರೂ ಅದರ ಕೆಳಗಿನ ಪದರ ರಂಧ್ರಮಯ. ಆದ್ದರಿಂದ ಹಲ್ಲು ಹೊರಬರುವಾಗ ಸುಣ್ಣದ ಬಿಳಿ ಇರುತ್ತದೆ. ಕಂದು ಬಣ್ಣ ಆಮೇಲೆ ಆಹಾರ, ಚಹಾದಿಂದ ಆ ರಂಧ್ರಗಳಿಗೆ ಇಳಿಯುತ್ತದೆ. ತೀವ್ರವಾದರೆ ಮೇಲ್ಪದರ ಕುಸಿದು ಗುಳಿಗಳಾಗುತ್ತವೆ. ಮೇಲಿನ ಮುಂದಿನ ಎರಡು ಬಾಚಿ ಹಲ್ಲುಗಳಿಗೆ ಅತ್ಯಂತ ಸೂಕ್ಷ್ಮ ಕಾಲ ಸುಮಾರು ಒಂದೂಕಾಲರಿಂದ ಎರಡೂವರೆ ವರ್ಷದ ನಡುವಿನದು. ಎಂಟು ವರ್ಷದ ಮೇಲೆ ಆ ಊರಿಗೆ ಬಂದ ಮಗುವಿಗೆ, ಬುದ್ಧಿಹಲ್ಲು ಬಿಟ್ಟರೆ, ಈ ಕಲೆ ಬರುವುದಿಲ್ಲ. ಎಲುಬಿಗೆ ಮಾತ್ರ ಅಂಥ ವಿನಾಯಿತಿ ಇಲ್ಲ.

ಹೀಗಾಗಿ ಮನೆಯಲ್ಲಿ ಒಳ್ಳೆಯ ನೀರು ಸ್ವಲ್ಪವೇ ಸಿಗುವುದಾದರೆ ಅದು ಮೊದಲು ಸಲ್ಲಬೇಕಾದ್ದು ಎಂಟು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮೂರರ ಒಳಗಿನವರಿಗೆ. ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಅದು ಇಳಿಯುವುದು ಅತ್ಯಲ್ಪ. ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿದ ಮಗು ಅಷ್ಟು ಕಾಲ ಸುರಕ್ಷಿತ. ಕೊಳವೆಬಾವಿ ನೀರಿನಲ್ಲಿ ಡಬ್ಬಿ ಹಾಲಿನ ಪುಡಿ ಕಲಸಿ ಕೊಟ್ಟರೆ ಆ ರಕ್ಷಣೆ ಹೋಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವ ಎಷ್ಟೋ ಮನೆಗಳಲ್ಲಿ ಅಡುಗೆಗೆ ಮಾತ್ರ ಕೊಳವೆಬಾವಿ ನೀರೇ. ಮಗುವಿನ ರಾಗಿ ಗಂಜಿ, ಅನ್ನ, ಬೇಳೆಕಟ್ಟು ಎಲ್ಲವೂ ಆ ನೀರನ್ನು ಹೀರಿಕೊಂಡಿರುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮಾಮೂಲಿ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗದು. ಆರ್‌ಒ ಯಂತ್ರ, ಸಕ್ರಿಯ ಅಲ್ಯೂಮಿನಾ, ಅಥವಾ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಸುಣ್ಣ-ಪಟಿಕದ ನಲ್ಗೊಂಡ ವಿಧಾನ, ಇವು ಕೆಲಸ ಮಾಡುತ್ತವೆ. ಆರ್‌ಒ ಘಟಕದ ಪೊರೆ ಹಳತಾದರೆ ಫ್ಲೋರೈಡ್ ಮತ್ತೆ ದಾಟಿ ಬರುತ್ತದೆ. ಘಟಕದಿಂದ ಹೊರಬರುವ ನೀರನ್ನೂ ಆಗಾಗ ಪರೀಕ್ಷಿಸಬೇಕು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅದೂ ಹಾಲೂ ಕರುಳಿನಲ್ಲಿ ಫ್ಲೋರೈಡನ್ನು ಸ್ವಲ್ಪ ಮಟ್ಟಿಗೆ ಹಿಡಿದಿಡುತ್ತವೆ. ನೀರು ಬದಲಿಸುವುದಕ್ಕೆ ಅದು ಬದಲಿಯಲ್ಲ.

ಈ ಊರುಗಳಲ್ಲಿ ಫ್ಲೋರೈಡ್ ಪೇಸ್ಟ್ ಬಿಡಬೇಕೇ? ಲೆಕ್ಕ ಹಾಕಿ ನೋಡೋಣ. ಬಟಾಣಿ ಗಾತ್ರದ ಪೇಸ್ಟ್ ಸುಮಾರು ಕಾಲು ಗ್ರಾಂ. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಪೇಸ್ಟಾದರೆ ಅದರಲ್ಲಿ 0.25 ಮಿಲಿಗ್ರಾಂ ಫ್ಲೋರೈಡ್. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ 3 ಮಿಲಿಗ್ರಾಂ, ಅಂದರೆ ಪೇಸ್ಟಿನ ಹನ್ನೆರಡು ಪಟ್ಟು. ಪೇಸ್ಟನ್ನು ಉಗಿಯುತ್ತಾರೆ, ನೀರನ್ನು ಉಗಿಯುವುದಿಲ್ಲ. ದೊಡ್ಡವರು ನಿಶ್ಚಿಂತೆಯಿಂದ ಬಳಸಬಹುದು. ಮೂರರ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟನ್ನು ದೊಡ್ಡವರೇ ಹಾಕಿಕೊಟ್ಟು, ಉಗಿಸಬೇಕು. ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಹಾಕಿ ತೋರಿಸುವ ಸುರುಳಿ ಯಾರಿಗೂ ಬೇಕಿಲ್ಲ.

ಮೂಡಿದ ಕಲೆಗೆ ಚಿಕಿತ್ಸೆ ಇದೆ. ಕಲೆ ಮೇಲ್ಪದರದಲ್ಲಿದ್ದರೆ ಆಮ್ಲ ಮತ್ತು ನುಣ್ಣನೆ ಮರಳಿನಂಥ ಲೇಪದಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಎನಾಮೆಲ್ ತೆಗೆದು ಹೊಳಪು ಕೊಡುವ ಮೈಕ್ರೊಅಬ್ರೇಷನ್ ಸಾಕಾಗುತ್ತದೆ. ರಂಧ್ರಮಯ ಬಿಳಿ ಮಚ್ಚೆಗೆ ತೆಳು ರಾಳ ಇಳಿಸುವ ವಿಧಾನ ಇದೆ: ಶೇ 15ರ ಹೈಡ್ರೋಕ್ಲೋರಿಕ್ ಆಮ್ಲದ ಜೆಲ್ಲನ್ನು ಎರಡು ನಿಮಿಷ ಬಿಟ್ಟು ತೊಳೆದು, ಒಣಗಿಸಿ, ರಾಳ ಹೀರಿಸಿ, ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬುವುದು, ಅಥವಾ ವಿನೀರ್ ಎಂಬ ತೆಳು ಹೊದಿಕೆ ಅಂಟಿಸುವುದು. ಮನೆಯಲ್ಲಿ ಉಜ್ಜಿ ತೆಗೆಯಲು ಹೋದರೆ ಎನಾಮೆಲ್ ಹೋಗುತ್ತದೆ, ಕಲೆ ಉಳಿಯುತ್ತದೆ.

ಸವೆತ

ಸರಿಯಾಗಿ ಕಟ್ಟಿದ ಎನಾಮೆಲ್ ಕೂಡ ಸವೆಯುತ್ತದೆ. ಎದುರು ಹಲ್ಲು ತಾಗುವ ಜಾಗದಲ್ಲಿ ದವಡೆ ಹಲ್ಲು ವರ್ಷಕ್ಕೆ ಸುಮಾರು 29 ಮೈಕ್ರಾನ್, ಅದರ ಮುಂದಿನ ಸಣ್ಣ ದವಡೆ ಹಲ್ಲು ಸುಮಾರು 15 ಮೈಕ್ರಾನ್ ಸವೆಯುವುದು ಸಹಜವೆಂದು ಅಳತೆಗಳು ತೋರಿಸಿವೆ. ಈ ವೇಗದಲ್ಲಿ 2 ಮಿಲಿಮೀಟರ್ ಎನಾಮೆಲ್ ಒಂದು ಜೀವಮಾನಕ್ಕೆ ಸಾಲುತ್ತದೆ. ಮೂವತ್ತರ ವಯಸ್ಸಿಗೇ ಹಲ್ಲು ಚಪ್ಪಟೆಯಾಗಿದ್ದರೆ ಬೇರೇನೋ ಸೇರಿಕೊಂಡಿದೆ ಎಂದರ್ಥ.

ಹಲ್ಲಿಗೆ ಹಲ್ಲು ತೇಯ್ದು ಆದ ಸವೆತದಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಚಪ್ಪಟೆ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ರಾತ್ರಿ ಹಲ್ಲು ಕಡಿಯುವವರಲ್ಲಿ ಇದು ಎದ್ದುಕಾಣುತ್ತದೆ. ಅಡಿಕೆ ಅಗಿಯುವವರಲ್ಲೂ ಹಾಗೇ. ಅಡಿಕೆಯ ನಾರು ಗಟ್ಟಿ, ದಿನಕ್ಕೆ ಹಲವು ಸಲ ಒಂದೇ ಕಡೆ ಅಗಿಯುವ ರೂಢಿ ಬೇರೆ. ಬ್ರಷ್ಷಿನಿಂದಾದ ಸವೆತ ವಸಡಿನ ಪಕ್ಕ, ಎನಾಮೆಲ್ ತೆಳುವಾಗಿ ಮುಗಿಯುವ ಕಡೆ, ‘ವಿ’ ಆಕಾರದ ಕೊರೆತವಾಗಿ ಕಾಣುತ್ತದೆ. ಬಲಗೈಯವರಲ್ಲಿ ಹೆಚ್ಚಾಗಿ ಎಡಗಡೆ. ಗರಗಸದಂತೆ ಅಡ್ಡಡ್ಡ ಉಜ್ಜುವುದೇ ಇದಕ್ಕೆ ಮುಖ್ಯ ಕಾರಣ.

ಎಲ್ಲಕ್ಕಿಂತ ಕಪಟಿ ಆಮ್ಲದ ಸವೆತ. ಹುಳುಕಿನಲ್ಲೂ ಕರಗಿಸುವುದು ಆಮ್ಲವೇ ಆದರೂ ಅಲ್ಲಿ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅದನ್ನು ಹಲ್ಲಿನ ಮೇಲಿನ ಪಾಚಿಯ ಕೆಳಗೆ ತಯಾರಿಸುತ್ತದೆ. ಮೇಲ್ಪದರ ಉಳಿದು ಒಳಗೆ ಖನಿಜ ಕಳೆಯುತ್ತದೆ. ಆಹಾರದ ಆಮ್ಲ ಮೇಲ್ಪದರವನ್ನೇ ನೇರವಾಗಿ ಮೆತ್ತಗಾಗಿಸುತ್ತದೆ. ಶುಚಿಯಾದ ಹಲ್ಲಿಗೂ ಇದು ತಪ್ಪಿದ್ದಲ್ಲ. ಕೋಲಾದ ಪಿಎಚ್ 2.5ರ ಸುತ್ತ, ನಿಂಬೆರಸದ್ದು 2ರಿಂದ 2.6. ಒಂದು ಲೋಟ ನೀರಿಗೆ ಅರ್ಧ ಹೋಳು ಹಿಂಡಿದರೂ ಅದು 3ರ ಆಸುಪಾಸಿನಲ್ಲೇ ಇರುತ್ತದೆ. ಸಾಲದ್ದಕ್ಕೆ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆಯುವ ಗುಣದ್ದು. ಮೊಸರಿನ ಪಿಎಚ್ ಕೂಡ 4ರಿಂದ 4.5, ಆದರೂ ಅದು ಎನಾಮೆಲ್ ಕರಗಿಸುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲಿನಿಂದ ಅವು ಹೊರಡಲು ಒತ್ತಡವೇ ಇಲ್ಲ. ಪಿಎಚ್ ಒಂದನ್ನೇ ನೋಡಿ ಆಹಾರವನ್ನು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸುವ ಪಟ್ಟಿಗಳು ಇಲ್ಲಿ ಎಡವುತ್ತವೆ. ಮಜ್ಜಿಗೆ ಕುಡಿಯುವವರು ಹೆದರಬೇಕಿಲ್ಲ.

ಎಷ್ಟು ಕುಡಿದಿರಿ ಎಂಬುದಕ್ಕಿಂತ ಎಷ್ಟು ಹೊತ್ತು ಬಾಯಲ್ಲಿತ್ತು ಎಂಬುದು ಮುಖ್ಯ. ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ತಣಿಸುತ್ತದೆ, ಅದರ ಕ್ಯಾಲ್ಸಿಯಂ ಮೆತ್ತಗಾದ ಪದರಕ್ಕೆ ಮರಳುತ್ತದೆ. ಸುಮ್ಮನಿರುವಾಗ ಜೊಲ್ಲು ನಿಮಿಷಕ್ಕೆ 0.3 ಮಿಲಿಲೀಟರ್‌ನಷ್ಟು, ಅಗಿಯುವಾಗ 1ರಿಂದ 2, ನಿದ್ದೆಯಲ್ಲಿ ಬಹುತೇಕ ಸೊನ್ನೆ. ಊಟದ ಜೊತೆ ಒಂದೇ ಸಲ ಕುಡಿದ ಜ್ಯೂಸಿಗಿಂತ ಕಂಪ್ಯೂಟರಿನ ಮುಂದೆ ಎರಡು ಗಂಟೆ ಗುಟುಕರಿಸಿದ ಅದೇ ಜ್ಯೂಸು ಹೆಚ್ಚು ಹಾನಿಕರ. ಖಾಲಿ ಹೊಟ್ಟೆಯ ನಿಂಬೆನೀರಿನ ಸಮಸ್ಯೆ ಇದೇ: ರಾತ್ರಿಯಿಡೀ ಒಣಗಿದ ಬಾಯಿ, ಅದಕ್ಕೆ ಆಮ್ಲ, ಅದರ ಬೆನ್ನಿಗೇ ಬ್ರಷ್. ಮೆತ್ತಗಾದ ಪದರವನ್ನು ಬ್ರಷ್ ಗುಡಿಸಿಕೊಂಡು ಹೋಗುತ್ತದೆ. ‘ಅರ್ಧ ಗಂಟೆ ಕಾದು ಹಲ್ಲುಜ್ಜಿ’ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಆದರೆ ಅಷ್ಟು ಹೊತ್ತಿನಲ್ಲಿ ಪದರ ಪೂರ್ತಿ ಗಟ್ಟಿಯಾಗುವುದಿಲ್ಲ. ಅದಕ್ಕಿಂತ ಮೊದಲೇ ಹಲ್ಲುಜ್ಜಿ, ಆಮೇಲೆ ಕುಡಿದು, ಬರೀ ನೀರಿನಿಂದ ಬಾಯಿ ಮುಕ್ಕಳಿಸುವುದು ಮೇಲು.

ಮೇಲಿನ ಮುಂದಿನ ಹಲ್ಲುಗಳ ಒಳಬದಿ, ಅಂದರೆ ನಾಲಿಗೆಯ ಕಡೆ, ಮಾತ್ರ ನುಣ್ಣಗೆ ಸವೆದಿದ್ದರೆ ಆಮ್ಲ ಬಂದದ್ದು ಹೊರಗಿನಿಂದ ಅಲ್ಲ, ಹೊಟ್ಟೆಯಿಂದ. ಹುಳಿತೇಗು, ಎದೆಯುರಿ, ಪದೇಪದೇ ವಾಂತಿ ಇರುವವರಲ್ಲಿ ಇದು ಸಾಮಾನ್ಯ. ಹೊಟ್ಟೆಯ ಆಮ್ಲ ಪಿಎಚ್ 1ರಿಂದ 2. ಬಸಿರಿನ ವಾಂತಿಯ ನಂತರ ಬಾಯಿ ಶುಚಿಯಾಗಲೆಂದು ತಕ್ಷಣ ಬ್ರಷ್ ಹಿಡಿಯುವುದು ತಪ್ಪು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿದರೆ ಆಮ್ಲ ತಣಿಯುತ್ತದೆ.

ಟ್ಯೂಬಿನ ಮೇಲೆ ಏನು ಓದಬೇಕು

‘ರಿಪೇರಿ’ ಎಂಬ ಮಾತು ಒಂದು ಅರ್ಥದಲ್ಲಿ ಸರಿ. ಹರಳು ಭಾಗಶಃ ಕರಗಿ, ಚೌಕಟ್ಟು ಇನ್ನೂ ನಿಂತಿರುವಾಗ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಜೊಲ್ಲಿನಿಂದ ಮರಳಿ ಸೇರಬಹುದು. ಫ್ಲೋರೈಡ್ ಇದ್ದರೆ ಬೇಗ ಸೇರುತ್ತವೆ, ಹೊಸ ಹರಳು ಮೊದಲಿಗಿಂತ ಬಿಗಿಯಾಗಿರುತ್ತದೆ. ವಸಡಿನ ಅಂಚಿನ ಸುಣ್ಣದ ಬಿಳಿ ಮಚ್ಚೆ, ಅಂದರೆ ತೂತು ಬೀಳುವ ಮೊದಲಿನ ಹುಳುಕು, ಹೀಗೆ ನಿಂತುಹೋಗುತ್ತದೆ. ಆದರೆ ಮೇಲ್ಮೈ ಕುಸಿದು ತೂತಾಗಿದ್ದರೆ, ಅಥವಾ ಸವೆದು ದಪ್ಪವೇ ಹೋಗಿದ್ದರೆ, ಯಾವ ಪೇಸ್ಟೂ ಅದನ್ನು ತುಂಬದು. ಜುಮ್ಮೆನ್ನುವುದು ನಿಂತಿತೆಂದರೆ ಎನಾಮೆಲ್ ಬೆಳೆಯಿತೆಂದು ಅರ್ಥವಲ್ಲ. ಡೆಂಟಿನ್‌ನ ಕೊಳವೆಗಳ ಬಾಯಿ ಮುಚ್ಚಿದೆ, ಇಲ್ಲವೇ ನರ ಮಂದವಾಗಿದೆ.

ಆದ್ದರಿಂದ ಟ್ಯೂಬಿನ ಮುಂಬದಿ ಬಿಟ್ಟು ಹಿಂಬದಿ ಓದಬೇಕು. ಭಾರತದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಇದ್ದಷ್ಟನ್ನು ಪಿಪಿಎಂನಲ್ಲಿ ಬರೆಯಬೇಕು. ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ಶೇ 0.76 ಅಥವಾ ಸೋಡಿಯಂ ಫ್ಲೋರೈಡ್ ಶೇ 0.22 ಎಂದಿದ್ದರೆ ಎರಡೂ ಸುಮಾರು 1000 ಪಿಪಿಎಂ. ಅಗ್ಗದ ಬಿಳಿ ಪೇಸ್ಟಿನಲ್ಲಿ ಇಷ್ಟು ಇದ್ದು, ದುಬಾರಿಯದರಲ್ಲೂ ಇಷ್ಟೇ ಇದ್ದರೆ, ಎನಾಮೆಲ್‌ನ ಮಟ್ಟಿಗೆ ಹೆಚ್ಚಿನ ಹಣಕ್ಕೆ ಸಿಗುವ ಲಾಭ ಕಡಿಮೆ. ‘ಗಿಡಮೂಲಿಕೆ’ ಪೇಸ್ಟು, ಹಲ್ಲುಪುಡಿಗಳಲ್ಲಿ ಹಲವಕ್ಕೆ ಫ್ಲೋರೈಡೇ ಇರುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ಬೂದಿಗಳ ಕಣದ ಒರಟುತನಕ್ಕೆ ಹಿಡಿತವೇ ಇಲ್ಲ. ಪೇಸ್ಟಿನ ಒರಟುತನ ಅಳೆಯಲು ಆರ್‌ಡಿಎ ಎಂಬ ಮಾನವಿದೆ, ಅಂತರರಾಷ್ಟ್ರೀಯ ಮಾನಕದಲ್ಲಿ ಮೇಲ್ಮಿತಿ 250. ಆ ಸಂಖ್ಯೆ ಟ್ಯೂಬಿನ ಮೇಲೆ ಸಿಗುವುದು ಅಪರೂಪ. ಅದನ್ನು ಮುದ್ರಿಸುವಂತೆ ಮಾಡುವುದು ‘ರಿಪೇರಿ’ಯ ಜಾಹೀರಾತಿಗಿಂತ ಬಳಕೆದಾರರಿಗೆ ಹೆಚ್ಚು ಉಪಕಾರ ಮಾಡುತ್ತದೆ. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು. ಲೋಟಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ.

ಪ್ರಯೋಗಾಲಯಗಳು ಸುಮ್ಮನೆ ಕೂತಿಲ್ಲ. 2019ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಕ್ಯಾಲ್ಸಿಯಂ ಫಾಸ್ಫೇಟ್‌ನ ಅತಿಸೂಕ್ಷ್ಮ ಗುಚ್ಛಗಳಿಂದ ಎರಡು ದಿನಗಳಲ್ಲಿ ಸುಮಾರು 3 ಮೈಕ್ರಾನ್ ದಪ್ಪದ, ನಿಜ ಎನಾಮೆಲ್‌ನ ಹರಳಿನ ದಿಕ್ಕನ್ನೇ ಅನುಸರಿಸುವ ಪದರ ಬೆಳೆಸಿದರು. 2023ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಕರಕೋಶಗಳಿಂದ (ಸ್ಟೆಮ್ ಸೆಲ್) ಅಮೆಲೋಬ್ಲಾಸ್ಟ್‌ಗಳನ್ನು ರೂಪಿಸಿ, ಅವು ಎನಾಮೆಲ್ ಪ್ರೋಟೀನ್ ಸ್ರವಿಸುವಂತೆ ಮಾಡಿದರು. 2025ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಉಣ್ಣೆಯ ಕೆರಾಟಿನ್‌ನಿಂದ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಪ್ರೋಟೀನ್ ಜೆಲ್ಲಿನಿಂದ ಎನಾಮೆಲ್‌ನಂಥ ಪದರ ಪಡೆದ ವರದಿ ಪ್ರಕಟಿಸಿದವು. ಇವು ನಿಜವಾದ ಹೆಜ್ಜೆಗಳು. ದಪ್ಪವನ್ನೂ ಹೋಲಿಸಿ ನೋಡಬೇಕು: 3 ಮೈಕ್ರಾನ್ ಎಂದರೆ ದವಡೆ ಹಲ್ಲು ಅಗಿಯುವ ಜಾಗದಲ್ಲಿ ಐದಾರು ವಾರಗಳಲ್ಲಿ ಸವೆಯುವಷ್ಟು. ಅಂಗಡಿಯ ಪೇಸ್ಟುಗಳಿಗೂ ಈ ಸಂಶೋಧನೆಗಳಿಗೂ ಸಂಬಂಧವಿಲ್ಲ.

ಸದ್ಯ ವೈದ್ಯರ ಕೈಯಲ್ಲಿರುವುದು ಶೇ 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್ (22,600 ಪಿಪಿಎಂ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ), ರಾತ್ರಿ ಹಲ್ಲು ಕಡಿಯುವವರಿಗೆ ಗಾರ್ಡ್, ಸವೆದದ್ದಕ್ಕೆ ಕಾಂಪೊಸಿಟ್. ಅದಕ್ಕೂ ಮೊದಲು ಸವೆತ ನಡೆಯುತ್ತಿದೆಯೇ, ನಿಂತಿದೆಯೇ ಎಂದು ತಿಳಿಯಬೇಕು. ವರ್ಷಕ್ಕೆ ಕೆಲವೇ ಮೈಕ್ರಾನ್‌ಗಳ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ. ಇದಕ್ಕಾಗಿ 2008ರಿಂದ ಬಳಕೆಯಲ್ಲಿರುವ ಬಿಇಡಬ್ಲ್ಯುಇ (ಬೇಸಿಕ್ ಇರೋಸಿವ್ ವೇರ್ ಎಕ್ಸಾಮಿನೇಶನ್) ವಿಧಾನದಲ್ಲಿ ಬಾಯನ್ನು ಆರು ಭಾಗ ಮಾಡಿ, ಪ್ರತಿ ಭಾಗದ ಅತಿ ಹೆಚ್ಚು ಸವೆದ ಹಲ್ಲಿಗೆ 0ಯಿಂದ 3ರವರೆಗೆ ಅಂಕ ಕೊಟ್ಟು ಕೂಡುತ್ತಾರೆ. ಹಲ್ಲಿನ ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ ಇಟ್ಟುಕೊಂಡರೆ ಒಂದೆರಡು ವರ್ಷದ ನಂತರ ಹೋಲಿಸಬಹುದು. ಮುಂದಿನ ಸಲ ದಂತವೈದ್ಯರ ಬಳಿ ಹೋದಾಗ ಆ ಅಂಕವನ್ನು ಕೇಳಿ ಬರೆಸಿಕೊಳ್ಳಿ.